ಹೂಂಗುಟ್ಟುವುದು ನಿಂತ ಮಧ್ಯಾಹ್ನ

ಮೊಮ್ಮಕ್ಕಳೇ, ಹೋದ ತಿಂಗಳು ನಿಮ್ಮಲ್ಲಿ ಒಬ್ಬಳು ನನ್ನ ಪಕ್ಕ ಮಲಗಿದ್ದಾಗ ಮೂರು ರಾತ್ರಿ ಕಣ್ಣು ಮುಚ್ಚಲಿಲ್ಲ. ನಾನು ನಿದ್ದೆ ಹೋಗಿದ್ದೇನೆ ಅಂದುಕೊಂಡು ಅವಳು ಮೆಲ್ಲಗೆ ಎದ್ದು ಕೂತದ್ದು, ಬಾಗಿಲ ಚಿಲಕ ಮುಟ್ಟಿ ನೋಡಿದ್ದು, ಎದೆಯ ಮೇಲೆ ಕೈ ಇಟ್ಟುಕೊಂಡು ಉಸಿರು ಎಣಿಸಿದ್ದು ಎಲ್ಲ ನನಗೆ ಗೊತ್ತು. ಬೆಳಿಗ್ಗೆ ಕೇಳಿದರೆ, "ಏನಿಲ್ಲ ಆಯಿ, ಸೊಳ್ಳಿ ಕಾಟ" ಅಂದಳು. ಅವಳ ತಾಯಿ ನನ್ನನ್ನು ಅಡುಗೆಮನೆಗೆ ಕರೆದು, "ಯಾರ ಮುಂದೂ ಅನಬ್ಯಾಡ್ರಿ ಅತ್ತಿ. ಬೀದರ್‌ದಾಗ ಒಬ್ಬ ಡಾಕ್ಟರ್ ಹಂತ್ಯಾಕ ಕರ್ಕೊಂಡು ಹೋಗ್ತೇವಿ. ಹೆಣ್ಣುಹುಡುಗಿ, ನಾಳಿ ಲಗ್ನ ಆಗೋದದ" ಅಂದಳು. ಕಣ್ಣು ಮುಚ್ಚಿಸಿ, ಬರೀ ಮಾತಿನಿಂದಲೇ ಭಯ ಇಳಿಸಿ ನಿದ್ದೆ ಬರಿಸುವ ಡಾಕ್ಟರಂತೆ. ಅದಕ್ಕೊಂದು ಇಂಗ್ಲಿಷ್ ಹೆಸರು ಹೇಳಿದಳು. ಆ ಹೆಸರನ್ನೂ ಪಿಸುಮಾತಿನಲ್ಲೇ ಹೇಳಿದಳು.

ನಾನು ಯಾರ ಮುಂದೂ ಅನ್ನಲಿಲ್ಲ, ಬರೆಯುತ್ತಿದ್ದೇನೆ. ಚಿಂತಾಕಿಯ ಶಾಲೆಯಲ್ಲಿ ನಾಲ್ಕನೇ ಇಯತ್ತೆ ತನಕ ಓದಿದವಳು ನಾನು, ಅದೂ ಉರ್ದುವಿನಲ್ಲಿ. ಕನ್ನಡ ಅಕ್ಷರವನ್ನು ನನ್ನಪ್ಪ ಅಂಗಳದ ಉಸುಕಿನ ಮೇಲೆ ತಿದ್ದಿಸಿದರು. ನಾಲ್ಕು ಜನ ಕೂತಲ್ಲಿ ಬಾಯಿ ತೆರೆಯಲು ನನಗೆ ಈಗಲೂ ನಾಚಿಕೆ. ಕಾಗದದ ಮುಂದೆ ಮಾತ್ರ ಯಾರ ಅಂಜಿಕೆಯೂ ಇಲ್ಲ. ಆದ್ದರಿಂದ ಎಲ್ಲರೂ ಓದಿಕೊಳ್ಳಿ: ಆ ಮಾತಿನ ನಿದ್ದೆಯ ಔಷಧ ನಮ್ಮ ಮನೆಗೆ ಹೊಸದಲ್ಲ. ನಾನು ತೆಗೆದುಕೊಂಡಿದ್ದೇನೆ. ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ, ನಿಮ್ಮ ಅಪ್ಪ ಇನ್ನೂ ಸರಿಯಾಗಿ ನಡೆಯಲು ಕಲಿಯುತ್ತಿದ್ದಾಗ.

ನಿಮ್ಮ ಅಜ್ಜ ಹೋದದ್ದು ಜ್ವರದಿಂದ ಎಂದು ನಿಮಗೆ ಗೊತ್ತಿದೆ. ಹೇಗೆ ಹೋದರು ಎಂದು ಯಾರೂ ಹೇಳಿಲ್ಲ. ನಾವಾಗ ಭಾತಂಬ್ರಾದ ಮನೆಯಲ್ಲಿದ್ದೆವು. ಎರಡು ರಾತ್ರಿ ನಾನು ಅವರ ಹಣೆಗೆ ತಣ್ಣೀರಿನ ಬಟ್ಟೆ ಹಾಕುತ್ತಾ ಎದ್ದೇ ಇದ್ದೆ. ಮೂರನೆಯ ದಿನ ಜ್ವರ ಇಳಿದಂತೆ ಕಂಡಿತು. ಗಂಜಿ ಕುಡಿದರು. "ನೀ ಒಂದ್ ಘಳಿಗಿ ಅಡ್ಡಾಗು. ನನಗ ಈಗ ಆರಾಮ ಅನಸ್ಲತ್ತದ" ಅಂದರು. ನಾನು ಪಕ್ಕದಲ್ಲೇ ಚಾಪೆಯ ಮೇಲೆ ಮಲಗಿದೆ. ಕಣ್ಣು ಬಿಟ್ಟಾಗ ಕೋಳಿ ಕೂಗುತ್ತಿತ್ತು. ಅವರ ಕೈ ತಣ್ಣಗಿತ್ತು.

ಮಣ್ಣಿಗೆ ಬಂದ ಹೆಂಗಸರು ನನ್ನನ್ನು ಅಪ್ಪಿಕೊಂಡು ಅತ್ತರು, ಬಾಗಿಲಾಚೆ ಹೋಗಿ ಮಾತಾಡಿಕೊಂಡರು. "ಮಗ್ಗಲಾಗೇ ಮಲಗಿದ್ಳಂತ. ಗೊತ್ತೇ ಆಗ್ಲಿಲ್ಲಂತ." ಅಷ್ಟೇ ಮಾತು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅತ್ತು ಮುಗಿಸುತ್ತಿದ್ದೆನೇನೋ. ಆ ಮಾತು ನನ್ನೊಳಗೆ ಹೋಗಿ ಕೂತಿತು. ಅಂದಿನಿಂದ ನಾನು ಮಲಗುವುದನ್ನು ಬಿಟ್ಟೆ.

ದೀಪ ಹಚ್ಚುವ ಹೊತ್ತಿಗೆ ಎದೆ ಹೊಡೆದುಕೊಳ್ಳಲು ಶುರುವಾಗುತ್ತಿತ್ತು. ಅಂಗೈ ಬೆವರುತ್ತಿತ್ತು. ನಿಮ್ಮ ಅಪ್ಪನಿಗೆ ಆಗ ಒಂದೂವರೆ ವರ್ಷ, ನಿಮ್ಮ ಸೋದರತ್ತೆಗೆ ನಾಲ್ಕು. ಇಬ್ಬರ ನಡುವೆ ಕೂತು, ಬೆರಳು ಒದ್ದೆ ಮಾಡಿಕೊಂಡು ಅವರ ಮೂಗಿನ ಕೆಳಗೆ ಹಿಡಿಯುತ್ತಿದ್ದೆ. ಉಸಿರು ತಾಗಿದರೆ ಸಮಾಧಾನ, ಐದು ನಿಮಿಷ ಕಳೆದರೆ ಮತ್ತೆ ಬೆರಳು. ಮಕ್ಕಳು ಬೆಚ್ಚಿ ಎದ್ದು ಅಳುತ್ತಿದ್ದವು. ಹಗಲಿನಲ್ಲಿ ನಾನು ನಿಂತಲ್ಲೇ ತೂಗುತ್ತಿದ್ದೆ. ಬೇಳೆಗೆ ಎರಡು ಸಲ ಉಪ್ಪು ಹಾಕಿದೆ. ಹಂಚಿನ ಮೇಲೆ ರೊಟ್ಟಿ ಹೊತ್ತಿ ಹೊಗೆ ಎದ್ದರೂ ನೋಡುತ್ತಾ ಕೂತಿದ್ದೆ. ಕಡೆಗೆ ನನ್ನತ್ತೆ ಒಂದು ಸಂಜೆ ಎರಡೂ ಮಕ್ಕಳ ಹಾಸಿಗೆ ಎತ್ತಿಕೊಂಡು ತಮ್ಮ ಕೋಣೆಗೆ ಒಯ್ದರು. "ನಿನಗ ನಿದ್ದಿ ಬರೋತನ ಇವು ನನ್ನ ಹಂತ್ಯಾಕ ಮಲಗ್ಲಿ" ಅಂದರು. ಸಿಟ್ಟಿನಿಂದಲ್ಲ. ಆದರೆ ಆ ಬಾಗಿಲು ಹಾಕಿಕೊಂಡ ಸದ್ದಿನ ಮೇಲೆ ನನಗೆ ಇದ್ದ ತುಸು ಜೋಂಪೂ ಹೋಯಿತು. ಈಗ ನನ್ನ ಬೆರಳಿಗೆ ಉಸಿರೂ ಇಲ್ಲ.

ಮನೆಯಲ್ಲಿ ದೊಡ್ಡವರೆಂದರೆ ನಿಮ್ಮಜ್ಜನ ಅಣ್ಣ, ನನ್ನ ಭಾವ. ಕೆಟ್ಟವರಲ್ಲ. ಹೊಲ ನೋಡಿಕೊಂಡು, ಎಲ್ಲರ ಹೊಟ್ಟೆ ತುಂಬಿಸಿಕೊಂಡು ಇದ್ದವರು. ಆದರೆ ತಮಗೆ ತಿಳಿಯದ್ದಕ್ಕೆಲ್ಲ ಅವರ ಬಳಿ ಒಂದೇ ಹೆಸರಿತ್ತು. "ಗಾಳಿ ಸೋಕ್ಯಾದ" ಅಂದರು. ಗಾಳಿ ಬಿಡಿಸುವವನೊಬ್ಬನಿದ್ದ, ಅಮಾವಾಸ್ಯೆಯ ದಿನ ಹೆಂಗಸರ ಕೂದಲು ಬಿಚ್ಚಿಸಿ, ಬೇವಿನ ಬರಲಿನಿಂದ ಬೆನ್ನಿಗೆ ಹೊಡೆಯುವವನು. ಅಲ್ಲಿಗೆ ಒಯ್ಯಬೇಕು. ಅದಕ್ಕೂ ಬಿಡದಿದ್ದರೆ? "ಔರಾದ ಕಡೆ ತೌರಮನಿಗಿ ಹೋಗಿ ಇರ್ಲಿ. ಹುಡುಗೂರು ನಮ್ಮ ಮನೀವು, ಇಲ್ಲೇ ಇರ್ತಾವ" ಎಂದು ಅತ್ತೆಯ ಮುಂದೆ ಹೇಳಿದ್ದು ನನಗೆ ಬಾಗಿಲ ಹಿಂದೆ ಕೇಳಿಸಿತು.

ಅಂದರೆ ನಿದ್ದೆ ಬಂದರೆ ಮಕ್ಕಳು ನನ್ನವು, ಬಾರದಿದ್ದರೆ ಇಲ್ಲ. ಇಂಥ ಮಾತು ಕೇಳಿದ ಮೇಲೆ ಯಾವ ತಾಯಿಗೆ ನಿದ್ದೆ ಬರುತ್ತದೆ?

ಆ ದಿನಗಳಲ್ಲಿ ಊರೂರಲ್ಲಿ ಬೋರ್ಡು ಬದಲಾಗುತ್ತಿದ್ದವು. ಬೀದರ್‌ನ ಕಚೇರಿಗಳಿಗೆ ಮೈಸೂರು ಕಡೆಯ ಸಾಹೇಬರು ಬಂದು ಕೂತಿದ್ದರು. ಅವರ ಕನ್ನಡ ಕೇಳಿ ನಮ್ಮವರು ನಗುತ್ತಿದ್ದರು, ನಮ್ಮ ಕನ್ನಡ ಕೇಳಿ ಅವರು. ಹಾಗೆ ಬಂದವರಲ್ಲಿ ಒಬ್ಬರು ಲೇಡಿ ಡಾಕ್ಟರ್. ನಿಮ್ಮ ಅಪ್ಪನ ಕಿವಿ ಸೋರುತ್ತಿತ್ತೆಂದು ನಾನೂ ಅತ್ತೆಯೂ ಬಂಡಿಯಲ್ಲಿ ಭಾಲ್ಕಿಗೆ ಬಂದು, ಅಲ್ಲಿಂದ ರೈಲು ಹತ್ತಿ ಅವರ ದವಾಖಾನೆಗೆ ಹೋದೆವು. ನರೆಗೂದಲು, ದಪ್ಪ ಕನ್ನಡಕ, ಕೊರಳಲ್ಲಿ ಏನೂ ಇಲ್ಲ. ಮಗುವಿನ ಕಿವಿ ತೊಳೆದು ಹತ್ತಿ ಇಟ್ಟು, ಕೈ ಒರೆಸಿಕೊಳ್ಳುತ್ತಾ ನನ್ನ ಕಡೆ ತಿರುಗಿದರು.

"ಮಗೂದಾಯ್ತು. ನಿಮಗೇನಾಗಿದೆಯಮ್ಮ?"

ನಾನು ಸೆರಗು ಕಚ್ಚಿಕೊಂಡೆ. ಅತ್ತೆಯೇ ಹೇಳಿದರು. "ಅಕಿಗಿ ನಿದ್ದಿ ಬರಂಗಿಲ್ರಿ ಡಾಕ್ಟರ್‌ಬಾಯಿ."

"ಯಾವಾಗಿನಿಂದ?"

"ನನ್ನ ಮಗ ಹೋದಾಗಿಂದ."

ಡಾಕ್ಟರ್‌ಬಾಯಿ ನನ್ನ ಕೆಳರೆಪ್ಪೆ ಎಳೆದು ನೋಡಿದರು. ಆಮೇಲೆ ಹೇಳಿದರು: "ಮಾತ್ರೆ ಕೊಡಬಹುದು. ಆದರೆ ಇವರು ಯಾವುದೋ ಕಾವಲು ಕಾಯ್ತಿದ್ದಾರೆ. ಕಾವಲು ಸಾಕು ಅಂತ ಯಾರಾದರೂ ಹೇಳಬೇಕು. ಗುರುವಾರ ಮಧ್ಯಾಹ್ನ ನನ್ನ ಮನೆಗೆ ಬನ್ನಿ." ಕಣ್ಣನ್ನು ಒಂದು ಕಡೆ ನಿಲ್ಲಿಸಿ, ನಿಧಾನ ಮಾತಾಡಿ, ಮನಸ್ಸನ್ನು ನಿದ್ದೆಯ ಹೊಸ್ತಿಲಿಗೆ ಒಯ್ಯುವುದು ಅವರ ಉಪಾಯ; ಹೆರಿಗೆ ನೋವಿನ ಹೆಂಗಸರಿಗೆ ಹಾಗೆ ಮಾಡಿ ಮಾಡಿ ಅವರಿಗೆ ಕೈ ಪಳಗಿತ್ತಂತೆ. ಎಚ್ಚರ ಪೂರ್ತಿ ತಪ್ಪುವುದಿಲ್ಲ, ಬೇಡವೆನಿಸಿದರೆ ಎದ್ದು ಕೂರಬಹುದು ಎಂದೂ ಹೇಳಿದರು.

ಮನೆಯಲ್ಲಿ ಇದನ್ನು ಹೇಳಿದಾಗ ಭಾವ ಕಟ್ಟೆಯ ಮೇಲೆ ಊಟ ಮುಗಿಸಿ ಅಡಿಕೆ ಹೋಳು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

"ಮಿಸ್ಮರೇಜಂ ಅದು! ಸಂತ್ಯಾಗ ಆಟ ಮಾಡೋರು ನಜರ್‌ಬಂದಿ ಮಾಡ್ತಾರಲ್ಲ, ಅದೇ. ಆ ಬಾಯಿ ಈಕಿನ್ನ ಮಲಗಿಸಿ ಮನಿ ಮಾತೆಲ್ಲ ಕೇಳ್ತಾಳ. ರಾಜ್ಯ ಬದಲಾತಂತ ರಿವಾಜೂ ಬದಲಾಗ್ತದೇನವ್ವ? ಅಮಾವಾಸಿಗಿ ಬಂಡಿ ಹೂಡ್ತೇನಿ, ಮುಗೀತು."

ಮದುವೆಯಾಗಿ ಬಂದ ಆರು ವರ್ಷದಲ್ಲಿ ನಾನು ಭಾವನ ಎದುರು ಒಂದು ಮಾತೂ ಆಡಿದವಳಲ್ಲ. ನಮ್ಮಲ್ಲಿ ಹಾಗೆ ಆಡುವಂತಿರಲಿಲ್ಲ. ಹೇಳುವುದಿದ್ದರೆ ಅತ್ತೆಗೆ ಹೇಳಬೇಕು, ಅತ್ತೆ ಅವರಿಗೆ ಹೇಳಬೇಕು. ಅಂದು ಬಾಗಿಲ ಹಿಂದಿನಿಂದ ನನ್ನ ದನಿಯೇ ನನಗೆ ಕೇಳಿಸಿತು.

"ನಾ ಬಡಿಸಿಕೊಳ್ಳಾಕ ಬರಂಗಿಲ್ರಿ ಭಾವಾ."

ಅಡಿಕೆ ಜಗಿಯುವುದು ನಿಂತಿತು. "ಅವ್ವಾ, ಕೇಳಿದೇನು? ಇದು ಈಕಿ ಮಾತಲ್ಲ. ಒಳಗಿಂದು ಮಾತಾಡ್ಲತ್ತದ!"

"ಹೌದ್ರಿ, ಒಳಗಿಂದೇ ಮಾತಾಡ್ಲತ್ತೇನಿ. ಇಷ್ಟ್ ದಿನ ಬಾಯಿಗಿ ಬಂದಿರ್ಲಿಲ್ಲ."

ಎರಡೂ ಕೈಯಲ್ಲಿ ಚೌಕಟ್ಟು ಹಿಡಿದುಕೊಂಡಿದ್ದೆ. ಆದರೆ ಬಾಗಿಲು ನನ್ನ ಮತ್ತು ಅವರ ನಡುವೆ ಇತ್ತು, ಅವರಿಗೆ ಕಾಣಲಿಲ್ಲ. ಹೊಸ್ತಿಲ ಮೇಲಿದ್ದ ಅತ್ತೆ ನನ್ನ ಕಡೆ ಒಮ್ಮೆ, ಮಗನ ಕಡೆ ಒಮ್ಮೆ ನೋಡಿದರು.

"ಮುಂಜಾನಿ ಅಂಗೈಯಾಗ ಲಿಂಗ ಇಟ್ಕೊಂಡು ನೋಡಕೋತ ಕುಂದರ್ತೀಯಲ್ಲ, ಬಾಜೂದಾಗ ಎತ್ತು ಒದರಿದ್ರ ನಿನಗ ಕೇಳ್ತದೇನು?" ಎಂದು ಕೇಳಿದರು. "ಹಂಗೇ ಅಂತ ಅದು."

"ಪೂಜಾ ಬ್ಯಾರೆ. ಪರಾಯಿ ಹೆಂಗಸಿನ ಮುಂದ ಕಣ್ಣು ಮುಚ್ಚೋದು ಬ್ಯಾರೆ."

"ನಾ ಕುಂದರ್ತೇನಿ ಮುಂದ. ಏನ್ ಕೇಳ್ತಾಳ, ಏನ್ ಹೇಳ್ತಾಳ, ಎಲ್ಲಾ ನನ್ನ ಕಿವೀಲೇ ಕೇಳ್ತೇನಿ. ನನ್ನ ಕಣ್ಣು ತಪ್ಪಿಸಿ ಏನ್ ಮಾಡ್ತಾಳ?"

ಭಾವ ಒಪ್ಪಿದರು, ಅಮಾವಾಸ್ಯೆಯ ತನಕ. ನಡುವೆ ಮೂರು ಗುರುವಾರಗಳಿದ್ದವು.

ಮೊದಲ ಗುರುವಾರ ಪೂರ್ತಿ ಹಾಳಾಯಿತು. ಡಾಕ್ಟರ್‌ಬಾಯಿಯ ಮನೆ ಹಳೆಯ ಕಲ್ಲುಕಟ್ಟಡ, ಒಳಗೆ ತಂಪು. ಒಂದು ಮಂಚ, ಎದುರಿಗೆ ಅತ್ತೆಗೊಂದು ಕುರ್ಚಿ. "ಮಲಗಿ" ಅಂದರು. ನಾನು ಹೇಗೆ ಮಲಗಲಿ? ನಮ್ಮ ಮನೆಯಲ್ಲಿ ಸೊಸೆಯ ಹಾಸಿಗೆ ಎಲ್ಲರದಕ್ಕಿಂತ ಕೊನೆಗೆ ಬಿಚ್ಚುವುದು. ಅತ್ತೆ ಕೂತಿರುವಾಗ ಸೊಸೆ ಕಾಲು ಚಾಚುವಂತಿಲ್ಲ. ಅತ್ತೆಯ ಗೊರಕೆ ಶುರುವಾಯಿತೆಂದರೆ ಅದೇ ನಮಗೆ ಅಪ್ಪಣೆ. ಮಂಚದ ಅಂಚಿನಲ್ಲಿ ಕೂತೇ ಇದ್ದೆ. ಡಾಕ್ಟರ್‌ಬಾಯಿ ಪೆನ್ನಿನ ಟೊಪ್ಪಿಗೆಯನ್ನು ನನ್ನ ಕಣ್ಣಿನ ಮುಂದೆ ಹಿಡಿದರು.

"ಇದನ್ನೇ ನೋಡ್ತಾ ಇರಿ. ರೆಪ್ಪೆ ಭಾರ ಆಗ್ತಾ ಇದೆ."

"ಹೂಂರಿ."

"ಭುಜ ಸಡಿಲ ಆಗ್ತಾ ಇದೆ."

"ಹೂಂರಿ."

"ನೀವು ಮಾತಾಡಬೇಡಿ."

"ಹೂಂರಿ."

ಅತ್ತೆ ಕುರ್ಚಿಯಿಂದ ನನ್ನ ಪರ ವಾದ ಮಾಡಿದರು. "ಹೂಂ ಅನ್ನದಿದ್ರ ಹ್ಯಾಂಗ್ರಿ ಡಾಕ್ಟರ್‌ಬಾಯಿ? ಹಿರೇರು ಹೇಳ್ಲತ್ತಾಗ ಸುಮ್ಮ ಕುಂತ್ರ ನಮ್ಮಲ್ಲಿ ಸೊಕ್ಕು ಅಂತಾರ್ರಿ."

ಆಮೇಲೆ ಸಮುದ್ರದ ದಂಡೆಯಲ್ಲಿದ್ದೇನೆಂದು ನೆನೆಸಿಕೊಳ್ಳಲು ಹೇಳಿದರು. ನಾನು ಸಮುದ್ರ ಕಂಡವಳಲ್ಲ. ಕೆರೆಗಿಂತ ದೊಡ್ಡದು, ಆಚೆ ದಡವೇ ಇಲ್ಲ ಎಂದರು. ಅಷ್ಟು ನೀರಿನ ಪಕ್ಕ ಎರಡು ಸಣ್ಣ ಮಕ್ಕಳನ್ನು ಬಿಟ್ಟು ಕಣ್ಣು ಮುಚ್ಚುವುದುಂಟೆ? ಎದ್ದು ನಿಂತುಬಿಟ್ಟೆ. ಡಾಕ್ಟರ್‌ಬಾಯಿ ಪೆನ್ನಿಗೆ ಟೊಪ್ಪಿಗೆ ಹಾಕಿ, "ತಪ್ಪು ನನ್ನದು. ಮುಂದಿನ ವಾರ ಬನ್ನಿ" ಅಂದರು. ದೊಡ್ಡ ಡಾಕ್ಟರೊಬ್ಬರು ನನ್ನೆದುರು ತಪ್ಪು ತಮ್ಮದೆಂದದ್ದು ಕೇಳಿ, ಹೋದದ್ದು ವ್ಯರ್ಥವಾಗಲಿಲ್ಲ ಅನ್ನಿಸಿತು. ಮನೆಯಲ್ಲಿ ಭಾವ ಕೇಳಿದರು: "ಏನವ್ವ, ಮಲಗಿಸಿದ್ಳೇನು?" ಅತ್ತೆ, "ಒಂದೇ ಸಲಕ್ಕ ರೊಟ್ಟಿನೂ ದುಂಡಗ ಬರಂಗಿಲ್ಲ" ಎಂದು ಒಳಗೆ ಹೋದರು.

ಎರಡನೆಯ ಗುರುವಾರ ಅವರ ಕೈಯಲ್ಲಿ ಪೆನ್ನು ಇರಲಿಲ್ಲ. ಮೊದಲು ಮಾತಿಗೆಳೆದರು. ಚಿಕ್ಕವಳಿದ್ದಾಗ, ಯಾರೂ ಮಲಗು ಅನ್ನದೆ, ನಾನಾಗಿ ನಿದ್ದೆ ಹೋಗುತ್ತಿದ್ದ ಜಾಗ ಯಾವುದೆಂದು ಕೇಳಿದರು. ತುಂಬ ಹೊತ್ತು ಯೋಚಿಸಿ ಹೇಳಿದೆ. "ಬಾವಿ ಮೆಟ್ಟಲ ಮ್ಯಾಲರಿ." ತೌರಿನ ಹೊಲದಲ್ಲಿ ಕಲ್ಲುಮೆಟ್ಟಿಲ ಬಾವಿಯಿತ್ತು. ಬೇಸಿಗೆಯಲ್ಲಿ ಅವ್ವ ಬಟ್ಟೆ ಒಗೆಯುವಾಗ ನಾನು ಕೆಳಗಿಳಿದು, ಅಗಲವಾದ ಮೆಟ್ಟಿಲೊಂದರ ಮೇಲೆ ಕಲ್ಲಿಗೆ ಕೆನ್ನೆಯಿಟ್ಟು ಮಲಗಿಬಿಡುತ್ತಿದ್ದೆ. ಮೇಲಿನಿಂದ ಬಟ್ಟೆ ಬಡಿಯುವ ಸದ್ದು ಬರುತ್ತಿತ್ತು. ಆ ಸದ್ದು ಇರುವ ತನಕ ಅವ್ವ ಇದ್ದಾಳೆಂದು ಗೊತ್ತು.

"ನಿಮ್ಮ ಕಡೆ ಕಥೆ ಹೇಳುವಾಗ ಮಕ್ಕಳು ಹೂಂ ಅಂತಾರಾ?"

"ಅನ್ನಲಿಕ್ಕೇ ಬೇಕ್ರಿ" ಎಂದು ಅತ್ತೆ ನಡುವೆ ಬಾಯಿ ಹಾಕಿದರು. "ಹೂಂ ನಿಂತಿತಂದ್ರ ಪೋರ ಮಲಗ್ತು ಅಂತ ತಿಳಕೊಂಡು ಕಥಿ ಅಲ್ಲಿಗೇ ಬಿಟ್ಟು ಏಳ್ತೇವಿ."

"ಹಾಗಾದರೆ ಹೂಂ ಅನ್ನಿ. ನಿಲ್ಲೋವರೆಗೂ ಅನ್ನಿ" ಎಂದು ಡಾಕ್ಟರ್‌ಬಾಯಿ ನನ್ನನ್ನು ಬಾವಿಗೆ ಇಳಿಸಲು ಶುರುಮಾಡಿದರು. ಒಂದು ಮೆಟ್ಟಿಲು, ಪಾದಕ್ಕೆ ಕಲ್ಲಿನ ಬಿಸಿ. ಹೂಂ. ಎರಡನೆಯದು, ಬಿಸಿ ಕಡಿಮೆಯಾಗಿದೆ. ಹೂಂ. ಮೂರು, ನೆರಳು ಮೊಣಕಾಲಿಗೆ ಬಂತು. ಹೂಂ. ಅವರ ಮೈಸೂರು ಮಾತು ನೀರು ಸೋರಿದಂತೆ ಹೋಗುತ್ತಿತ್ತು. ಏಳನೆಯದೋ ಎಂಟನೆಯದೋ ಮೆಟ್ಟಿಲಲ್ಲಿ ಬೇರೊಂದು ಸದ್ದು ಕೇಳಿಸಿತು. ಕಣ್ಣು ಬಿಟ್ಟು ನೋಡಿದೆ.

ಕುರ್ಚಿಯಲ್ಲಿ ಅತ್ತೆಯ ತಲೆ ಒಂದು ಕಡೆ ವಾಲಿತ್ತು, ಬಾಯಿ ತೆರೆದಿತ್ತು. ನನ್ನ ಕಾವಲಿಗೆ ಬಂದವರು ಗೊರಕೆ ಹೊಡೆಯುತ್ತಿದ್ದರು.

ಆಗ ನನಗೆ ಹೊಳೆಯಿತು. ಮಗ ಹೋದಂದಿನಿಂದ ನಮ್ಮ ಮನೆಯಲ್ಲಿ ಆ ಗೊರಕೆ ಕೇಳಿಸಿರಲೇ ಇಲ್ಲ. ನನ್ನ ಕೋಣೆಯಲ್ಲಿ ನಾನು ಕೂತಿದ್ದೆ, ಗೋಡೆಯಾಚೆ ಅವರೂ ಕಣ್ಣು ಬಿಟ್ಟುಕೊಂಡೇ ಮಲಗಿದ್ದರು. ಯಾರಿಗೂ ಹೇಳಿರಲಿಲ್ಲ. ನನ್ನ ಮೈ ಇಷ್ಟು ದಿನ ಕಾಯುತ್ತಿದ್ದ ಅಪ್ಪಣೆ ಬರುವುದಾದರೂ ಹೇಗೆ?

ಡಾಕ್ಟರ್‌ಬಾಯಿ ಮಾತು ನಿಲ್ಲಿಸಲಿಲ್ಲ, ದನಿ ಮಾತ್ರ ತಗ್ಗಿಸಿದರು. ನಾನು ಕಾಲು ಮೇಲೆತ್ತಿ ಮಂಚದ ಮೇಲೆ ಚಾಚಿದೆ. ಒಂಬತ್ತು. ಹೂಂ. ಹತ್ತು. ಹನ್ನೊಂದಕ್ಕೆ ಹೂಂ ಅಂದೆನೋ ಇಲ್ಲವೋ ನನಗೆ ಗೊತ್ತಿಲ್ಲ. ಆಮೇಲಿನ ಮಾತುಗಳು ಬಾವಿಯ ಮೇಲಿನಿಂದ ಯಾರೋ ಕೂಗಿ ಹೇಳಿದಂತೆ ನೆನಪಿವೆ. "ನೀವು ಮಲಗಿದ್ದಕ್ಕೆ ಅವರು ಹೋಗಲಿಲ್ಲ. ಎದ್ದಿದ್ದರೂ ಹೋಗ್ತಿದ್ದರು. ನಿದ್ದೆ ಮಾಡಿದ್ದು ತಪ್ಪಲ್ಲ. ಮಗು ಅತ್ತರೆ ನಿಮಗೆ ಎಚ್ಚರವಾಗುತ್ತೆ. ಬೇರೆ ಸದ್ದಿಗೆ ಏಳಬೇಕಾಗಿಲ್ಲ." ಇವೇ ಮಾತುಗಳನ್ನು ಮತ್ತೆ ಮತ್ತೆ ಹೇಳಿದರು.

ಕಣ್ಣು ಬಿಟ್ಟಾಗ ಬಿಸಿಲು ಗೋಡೆಯ ಮೇಲೆ ಹತ್ತಿತ್ತು. ಕಿವಿಯ ತನಕ ಕಣ್ಣೀರು ಹರಿದು ಒಣಗಿತ್ತು, ಅತ್ತದ್ದು ನೆನಪಿಲ್ಲ. ಅತ್ತೆ ಅಷ್ಟರಲ್ಲಿ ನೆಟ್ಟಗೆ ಕೂತು ಸೆರಗು ಸರಿಮಾಡಿಕೊಂಡಿದ್ದರು.

"ಅಜ್ಜಿ, ನೀವೂ ಚೆನ್ನಾಗಿ ಮಲಗಿದಿರಿ" ಎಂದರು ಡಾಕ್ಟರ್‌ಬಾಯಿ.

"ನಾ ಎಲ್ಲಿ ಮಲಗೇನ್ರಿ? ಕಣ್ಣು ಮುಚ್ಚಿ ಲಕ್ಷ್ಯ ಕೊಟ್ಟು ಕೇಳ್ಲತ್ತಿದ್ದೆ."

"ಹೌದಾ? ನಾನೇನು ಹೇಳಿದೆ?"

"ಬಾವಿ."

"ಆಮೇಲೆ?"

"ಬಾವ್ಯಾಗ ನೀರು ಇರ್ತದ. ಮತ್ತೇನ್ ಇರ್ತದರಿ?"

ರೈಲಿನಲ್ಲಿ ಭಾಲ್ಕಿ ಹತ್ತಿರ ಬರುವ ತನಕ ಅತ್ತೆ ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದರು.

"ಅವತ್ತ ನಾನೂ ಮಲಗಿದ್ದೆ ತಂಗಿ. ಗ್ವಾಡಿ ಆಚೀ ಕಡಿ. ಹೆತ್ತಾಕಿ ನಾನು, ನನಗೂ ಗೊತ್ತಾಗ್ಲಿಲ್ಲ. ನನಗ ಯಾರೂ ಏನೂ ಅನ್ಲಿಲ್ಲ. ಎಲ್ಲರೂ ನಿನಗೇ ಅಂದ್ರು. ನಾನೂ ಸುಮ್ಮ ಇದ್ದೆ."

ನಾನು ಹೂಂ ಅನ್ನಲಿಲ್ಲ. ಅವರ ಕೈ ಹಿಡಿದುಕೊಂಡೆ. ಅದೇ ಮೊದಲು, ಅತ್ತೆಯ ಮಾತಿಗೆ ನಾನು ಹೂಂ ಅನ್ನದೆ ಕೂತದ್ದು.

ಮೂರನೆಯ ಗುರುವಾರ ಡಾಕ್ಟರ್‌ಬಾಯಿ ನನಗೇ ಬಾವಿ ಇಳಿಯಲು ಕಲಿಸಿದರು. ಬೇರೆಯವರ ದನಿ ಬೇಡ. ಮನಸ್ಸಿನಲ್ಲೇ ಮೆಟ್ಟಿಲು ಎಣಿಸಿ, ಮನಸ್ಸಿನಲ್ಲೇ ಹೂಂ ಅನ್ನುವುದು. ನಡುವೆ ಭಯ ಬಂದರೆ ಓಡಿಸಬಾರದು. ಅದೂ ಪಕ್ಕದಲ್ಲಿ ಇಳಿಯಲಿ, ನಾಲ್ಕು ಮೆಟ್ಟಿಲಿಗೆ ಅದಕ್ಕೆ ದಣಿವಾಗುತ್ತದೆ ಎಂದರು. ಮನೆಯಲ್ಲಿ ಅಭ್ಯಾಸ ಮಾಡಿದೆ. ಮೊದಲ ರಾತ್ರಿ ಕೂಡಲಿಲ್ಲ. ಎರಡನೆಯ ರಾತ್ರಿ ಸ್ವಲ್ಪ. ಹೀಗೆ ಏರುಪೇರಾಗುತ್ತಲೇ ಅಮಾವಾಸ್ಯೆಯ ಹಿಂದಿನ ಸಂಜೆ ಬಂತು. ಬೆಳಗಾಗುತ್ತಲೇ ಬಂಡಿ ಹೂಡುವುದಾಗಿ ಭಾವ ಆಳಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತ್ತು.

ಆ ಸಂಜೆ ಅತ್ತೆ ಯಾರನ್ನೂ ಕೇಳದೆ ಎರಡೂ ಮಕ್ಕಳ ಹಾಸಿಗೆ ತಂದು ನನ್ನ ಎಡಕ್ಕೊಂದು ಬಲಕ್ಕೊಂದು ಹಾಸಿದರು. ತಾವು ಹೋಗಿ ದೀಪ ಆರಿಸಿದರು. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಗೊರಕೆ ಬಂತು. ನಿಜವಾದದ್ದೋ, ನನಗಾಗಿ ಹೊಡೆದದ್ದೋ, ಕೊನೆಯ ತನಕ ಅವರು ಬಾಯಿಬಿಡಲಿಲ್ಲ. ನನ್ನ ಬೆರಳು ಮಗುವಿನ ಮೂಗಿನ ಕಡೆ ಹೊರಟಿತು. ತಡೆದೆ. ಕೈಯನ್ನು ನನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡು ಬಾವಿಗೆ ಇಳಿದೆ.

ನಡುರಾತ್ರಿ ನಿಮ್ಮ ಅಪ್ಪ ಕಿವಿ ಹಿಡಿದುಕೊಂಡು ಅತ್ತ. ಒಂದೇ ಕೂಗಿಗೆ ನನಗೆ ಎಚ್ಚರವಾಯಿತು. ಬಟ್ಟೆ ಬೆಚ್ಚಗೆ ಮಾಡಿ ಕಿವಿಗೆ ಒತ್ತಿದೆ, ಎದೆಗೆ ಹಾಕಿಕೊಂಡೆ, ಮಲಗಿದ. ಮನೆಯಲ್ಲಿ ಬೇರೆ ಯಾರೂ ಏಳಲಿಲ್ಲ. ಡಾಕ್ಟರ್‌ಬಾಯಿ ಹೇಳಿದ್ದು ಖರೇ ಆಯಿತು: ನಾನು ನಿದ್ದೆಯಲ್ಲಿದ್ದರೂ ತಾಯಿಯೇ. ಅದು ಗೊತ್ತಾದ ಮೇಲೆ ನಾನು ಮತ್ತೆ ಮಲಗಿದೆ. ಈ ಸಲ ಮೆಟ್ಟಿಲೂ ಎಣಿಸಲಿಲ್ಲ.

ಎಚ್ಚರವಾದಾಗ ಬಿಸಿಲು ಅಂಗಳಕ್ಕೆ ಬಂದಿತ್ತು. ಮನೆಯ ಸೊಸೆ ಹೊತ್ತೇರುವ ತನಕ ಮಲಗಿದ್ದಳು, ಕೇಳಿದ್ದೀರಾ! ಹೊರಗೆ ಬಂಡಿ ಹೂಡಿ ನಿಂತಿತ್ತು. ಭಾವನ ದನಿ ದೊಡ್ಡದಾಗಿ ಕೇಳುತ್ತಿತ್ತು. "ಎಲ್ಲಿ ಆಕಿ? ಹೊತ್ತಾತು!" ಕಸ ಗುಡಿಸುವ ಸದ್ದು ನಿಂತಿತು. ನನ್ನ ಕೆಲಸ ಅದು. ಅಂದು ಅತ್ತೆ ಗುಡಿಸುತ್ತಿದ್ದರು.

"ಸಾವಕಾಶ ಮಾತಾಡು" ಅಂದರು. "ಅಕಿ ಮಲಗ್ಯಾಳ."

ಭಾವ ಬಾಗಿಲ ತನಕ ಬಂದು ಇಣುಕಿದರೆಂದು ಕಾಣುತ್ತದೆ. ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ. ಎಚ್ಚರವಿದ್ದೂ ಏಳಲಿಲ್ಲ. ಬೇಕೆಂದೇ ಏಳಲಿಲ್ಲ. ಎರಡೂ ಮಕ್ಕಳ ಕಾಲು ನನ್ನ ಮೇಲಿದ್ದವು. ಸ್ವಲ್ಪ ಹೊತ್ತಿನ ಮೇಲೆ ಎತ್ತುಗಳ ಕೊರಳ ಹಗ್ಗ ಬಿಚ್ಚುವ ಸದ್ದು ಕೇಳಿತು.

ಭಯ ಆಮೇಲೂ ಬಂದಿದೆ, ಸುಳ್ಳು ಹೇಳುವುದಿಲ್ಲ. ಅತ್ತೆ ತೀರಿಕೊಂಡ ವರ್ಷ ಬಂತು. ನಿಮ್ಮ ಅಪ್ಪ ಪರೀಕ್ಷೆಗೆ ಬೀದರ್‌ನಲ್ಲಿ ಕೋಣೆ ಮಾಡಿಕೊಂಡಿದ್ದಾಗ ಬಂತು. ಬಂದಾಗೆಲ್ಲ ಅದನ್ನೂ ಕರೆದುಕೊಂಡು ಬಾವಿಗೆ ಇಳಿದಿದ್ದೇನೆ. ಆದರೆ ನಾಚಿಕೆ ಮತ್ತೆ ಬರಲಿಲ್ಲ. ಮಲಗಲಾರದ್ದಕ್ಕೂ ನಾಚಿಕೆಯಿಲ್ಲ, ಮಲಗಲು ಒಬ್ಬರ ಸಹಾಯ ಕೇಳಿದ್ದಕ್ಕೂ ಇಲ್ಲ.

ಹಾಗಾಗಿ, ನನ್ನ ಕೂಸೇ, ನೀನು ಆ ಡಾಕ್ಟರ ಹತ್ತಿರ ಕತ್ತಲಾದ ಮೇಲೆ ಮುಖ ಮುಚ್ಚಿಕೊಂಡು ಹೋಗತಕ್ಕದ್ದಲ್ಲ. ಹಗಲು ಹೊತ್ತಿನ ಬಸ್ಸಿಗೆ ಹೋಗೋಣ. ಎಲ್ಲಿಗೆ ಎಂದು ಯಾರಾದರೂ ಕೇಳಿದರೆ ನಾನೇ ಹೇಳುತ್ತೇನೆ, ನಾಲ್ಕು ಜನರ ಮುಂದೆ, ನನ್ನ ಈ ಬಾಯಿಂದಲೇ. ನಿನ್ನ ಲಗ್ನದ ಚಿಂತೆ ನಿನ್ನ ತಾಯಿಗಿರಲಿ; ಅದನ್ನು ಕೇಳಿ ಹಿಂದೆ ಸರಿಯುವ ಮನೆ ನಿನಗೆ ಬೇಡವೇ ಬೇಡ. ಒಳಗೆ ನಿನ್ನ ಎದುರಿನ ಕುರ್ಚಿಯಲ್ಲಿ ನಾನು ಕೂರುತ್ತೇನೆ. ನಡುವೆ ನನಗೆ ನಿದ್ದೆ ಬಂದರೆ ಎಬ್ಬಿಸಬೇಡ, ನೀನೂ ಕಾಲು ಚಾಚಿ ಮಲಗು.